ನಾಲ್ಕೇ ಸಾಲಿನ ಮೌನದ ಕವಿತೆ: ನಿಮಗೆ ಇದರಲ್ಲಿ ಏನು ಕಾಣಿಸುತ್ತೆ?

ಸಂಜೆಓದು

ಎಲ್ಲರಿಗೂ ನಮಸ್ಕಾರ. ನಮ್ಮದೊಂದು ಚಿಕ್ಕ ಓದುಗರ ಗುಂಪಿದೆ. ಗುಂಪಿನವರೇ ಬರೆದ ಕವಿತೆಗಳನ್ನು ಹೆಸರಿಲ್ಲದೆ ಹಂಚುತ್ತೇವೆ. ಮಾತುಕತೆ ಎಲ್ಲ ಮುಗಿದ ಮೇಲಷ್ಟೇ ಬರೆದವರು ಯಾರು ಅಂತ ಹೇಳೋದು. ಈ ಸಲ ಮಾತು ಶುರು ಮಾಡುವ ಸರದಿ ನನ್ನದು. ಕವಿತೆ ಇಷ್ಟೇ:

ಇಬ್ಬರೂ ಸುಮ್ಮನಿದ್ದೆವು.
ನಿನ್ನ ಮೌನ ಮೊದಲು ಮುಗಿಯಿತು.
ನನ್ನದಕ್ಕೆ ಇನ್ನೂ
ಹೇಳುವುದಿದೆ

ಶೀರ್ಷಿಕೆ ಇಲ್ಲ. ಓದಿದ ಕೂಡಲೇ ಎಲ್ಲೋ ತಾಗಿತು. ಆದರೆ ಯಾಕೆ ತಾಗಿತು ಅಂತ ಕೇಳಿದರೆ ಒಂದು ವಾಕ್ಯವೂ ಹೊರಡುತ್ತಿಲ್ಲ. ಮೌನ ಮುಗಿಯಿತು ಅಂದರೆ ಆ ಇನ್ನೊಬ್ಬರು ಮಾತಾಡಿದರು ಅಂತಲೋ, ಎದ್ದು ಹೋದರು ಅಂತಲೋ? ಮೌನಕ್ಕೆ ಹೇಳುವುದಿದೆ ಅಂದರೆ ಏನು? ಗುಂಪಿನಲ್ಲಿ "ಚೆನ್ನಾಗಿದೆ" ಅಂತ ಹೇಳಿ ಕೂರೋಕೆ ನನಗೆ ಇಷ್ಟವಿಲ್ಲ. ನೀವು ಹೇಗೆ ಓದುತ್ತೀರಿ, ದಯವಿಟ್ಟು ಹೇಳಿ.

ದಾರಿಹೋಕ

ಜಗಳ. ಇಬ್ಬರೂ ಮುನಿಸಿಕೊಂಡಿದ್ದಾರೆ, ಒಬ್ಬರು ಮೊದಲು ಮಾತಾಡಿಸಿದ್ದಾರೆ, ಇನ್ನೊಬ್ಬರ ಕೋಪ ಇಳಿದಿಲ್ಲ. ನೇರವಾಗಿಯೇ ಇದೆಯಲ್ಲ.

ಮಲ್ಲಿಗೆಬಳ್ಳಿ

ನನಗೆ ಜಗಳ ಹೊಳೆಯಲೇ ಇಲ್ಲ. ಎರಡನೇ ಸಾಲಿಗೆ ಬಂದಾಗ ಇದು ತೀರಿಕೊಂಡವರ ಕವಿತೆ ಅನ್ನಿಸಿತು. ಇಬ್ಬರೂ ಹೇಳಬೇಕಾದ್ದನ್ನು ಹೇಳದೆ ವರ್ಷಗಟ್ಟಲೆ ಕಳೆದುಬಿಟ್ಟಿದ್ದಾರೆ. ಒಬ್ಬರು ಹೋದರು. ಉಳಿದವರು ಈಗಲೂ ಹೇಳಲಾಗದೆ ಇದ್ದಾರೆ. "ಇನ್ನೂ" ಅಂತ ಸಾಲು ನಿಂತುಬಿಡುತ್ತಲ್ಲ, ಅಲ್ಲಿ ನನಗೆ ಗಂಟಲು ಕಟ್ಟಿತು. ನಮ್ಮಪ್ಪನ ಜೊತೆ ನನ್ನದೂ ಹೀಗೇ ಆಗಿದ್ದು.

ದಾರಿಹೋಕ

ಮಲ್ಲಿಗೆಬಳ್ಳಿ ಅವರೇ, ನಿಮ್ಮ ನೋವು ಅರ್ಥವಾಗುತ್ತೆ. ಆದರೂ ಕವಿತೆಯ ವಿಷಯಕ್ಕೆ ಬಂದರೆ ಈ ಓದು ಸಾಲಿಗೆ ಕೂರೋದಿಲ್ಲ. ಒಬ್ಬರು ಸತ್ತರೆ ಅವರ ಮೌನ ಶುರುವಾಗಬೇಕು, ಮುಗಿಯೋದು ಹೇಗೆ? ಸಾವೇ ಆಗಿದ್ದರೆ "ನಿನ್ನ ಮಾತು ಮುಗಿಯಿತು" ಅಂತ ಇರಬೇಕಿತ್ತು.

ಬಿಡಿಸಾಲು

ಇಲ್ಲ, ಇಲ್ಲೇ ಕವಿತೆ ಗಟ್ಟಿಯಾಗಿರೋದು. ಮಾತಾಡಬಲ್ಲವರು ಮಾತಾಡದೆ ಇದ್ದರೆ ಮಾತ್ರ ಅದು ಮೌನ. ಕಲ್ಲು ನಮ್ಮ ಜೊತೆ ಮೌನವಾಗಿದೆ ಅಂತ ಯಾರೂ ಬೇಸರ ಮಾಡಿಕೊಳ್ಳಲ್ಲ. ಬದುಕಿರುವ ತನಕ ಆ ಮನುಷ್ಯ ಯಾವ ಗಳಿಗೆಯಲ್ಲಾದರೂ ಬಾಯಿ ಬಿಡಬಹುದಿತ್ತು, ಬಿಡಲಿಲ್ಲ. ಸತ್ತ ಮೇಲೆ ಆ ಸಾಧ್ಯತೆಯೇ ಹೋಯಿತು, ಅದರ ಜೊತೆ ಮೌನವೂ ಹೋಯಿತು. ಹಾಗಾಗಿ "ಮುಗಿಯಿತು" ಸಾವಿಗೂ ಕೂರುತ್ತೆ. ನನ್ನ ಪ್ರಕಾರ ಜಗಳಕ್ಕಿಂತ ಚೆನ್ನಾಗಿಯೇ ಕೂರುತ್ತೆ.

ಮಲ್ಲಿಗೆಬಳ್ಳಿ

ಇದೇ. ಇದೇ ನಾನು ಹೇಳಬೇಕಿದ್ದದ್ದು. ಥ್ಯಾಂಕ್ಸ್ ಬಿಡಿಸಾಲು.

ಕಪ್ಪುಶಾಯಿ

ನನಗೆ ಕವಿತೆಯ ಬಗ್ಗೆಯೇ ತಕರಾರಿದೆ. ಮೌನ ಮಾತಾಡಿತು, ಮೌನಕ್ಕೂ ಭಾಷೆಯಿದೆ, ಮೌನಕ್ಕೆ ಹೇಳುವುದಿದೆ... ಇದನ್ನೆಲ್ಲ ಎಷ್ಟು ಸಲ ಓದಿದ್ದೇವೆ? ಮೌನದ ಬಗ್ಗೆ ಬರೆಯುವವರು ಮೌನ ಅನ್ನುವ ಹೆಸರನ್ನೇ ಎತ್ತಬಾರದು ಅನ್ನೋದು ನನ್ನ ನಂಬಿಕೆ. ಜಪಾನಿನ ಕವಿ ಬಾಶೋ 1686ರಲ್ಲಿ ಬರೆದ ಕಪ್ಪೆಯ ಹೈಕು, ಅಂದರೆ ಮೂರೇ ಸಾಲಿನ ಪುಟ್ಟ ಕವಿತೆ, ನೋಡಿ. ಹಳೆಯ ಕೊಳ, ಕಪ್ಪೆ ಜಿಗಿಯುತ್ತೆ, ನೀರಿನ ಸದ್ದು. ಅಷ್ಟೇ. ಅಷ್ಟು ಸಣ್ಣ ಸದ್ದು ಕಿವಿಗೆ ಬೀಳಬೇಕಾದರೆ ಸುತ್ತಮುತ್ತ ಎಂಥ ನಿಶ್ಶಬ್ದ ಇದ್ದಿರಬೇಕು ಅಂತ ಓದುವವರಿಗೇ ಹೊಳೆಯುತ್ತೆ. ಇಲ್ಲಿ ನಮಗಾಗಿ ಹೊಳೆಯೋಕೆ ಏನು ಉಳಿಸಿದ್ದಾರೆ?

ಬಿಡಿಸಾಲು

ಬಾಶೋನ ಕೊಳದ ಹತ್ತಿರ ಇಬ್ಬರು ಮನುಷ್ಯರಿಲ್ಲ. ಅಲ್ಲಿ ನಿಶ್ಶಬ್ದ ಆ ಜಾಗದ್ದು, ಯಾರ ಸೊತ್ತೂ ಅಲ್ಲ. ಇಲ್ಲಿ ಅದು ನಿನ್ನದು, ನನ್ನದು ಅಂತ ಪಾಲಾಗಿದೆ. ಮೊದಲ ಸಾಲಿನಲ್ಲಿ ನೋಡಿ, ಇಬ್ಬರೂ ಸೇರಿ ಸುಮ್ಮನಿದ್ದಾರೆ. ಒಂದೇ ಕ್ರಿಯಾಪದ, ಒಂದೇ ವಾಕ್ಯ. ಎರಡನೇ ಸಾಲಿಗೆ ಬರುವಾಗ ಅದು ಒಡೆದು ಎರಡು ಮೌನವಾಗಿದೆ. ಜೊತೆಯಲ್ಲಿದ್ದೇವೆ ಅಂದುಕೊಂಡಿದ್ದ ಇಬ್ಬರು ಅಸಲಿಗೆ ಬೇರೆ ಬೇರೆ ಕಾರಣಕ್ಕೆ ಸುಮ್ಮನಿದ್ದರು ಅನ್ನೋದು ಆಗ ಗೊತ್ತಾಗುತ್ತೆ. ಹೆಸರು ಹಿಡಿಯದೆ ಪಾಲು ಮಾಡೋದು ಹೇಗೆ ಹೇಳಿ?

ಪ್ರಶ್ನಾರ್ಥಕ

ಮೊದಲ ಎರಡು ಸಾಲಿಗೆ ಪೂರ್ಣವಿರಾಮ ಇದೆ, ಕೊನೆಗೆ ಇಲ್ಲ. ಮೂಲದಲ್ಲೂ ಹೀಗೇ ಇದೆಯಾ?

ಸಂಜೆಓದು

ಹೌದು, ಹಂಚಿದ ಹಾಳೆಯಲ್ಲಿ ಹೀಗೇ ಇದೆ. ಒಂದೊಂದು ಚಿಹ್ನೆಯನ್ನೂ ನೋಡಿಯೇ ಇಲ್ಲಿ ಹಾಕಿದ್ದು.

ಪ್ರಶ್ನಾರ್ಥಕ

ಹಾಗಾದರೆ ಬೇಕೆಂತಲೇ ಬಿಟ್ಟಿದ್ದಾರೆ. ಮುಗಿದದ್ದಕ್ಕೆ ಚುಕ್ಕೆ ಇಟ್ಟಿದ್ದಾರೆ, ಮುಗಿಯದ್ದಕ್ಕೆ ಇಟ್ಟಿಲ್ಲ. ಕವಿತೆ ನಿಂತಿದೆ, ಮುಗಿದಿಲ್ಲ.

ಹಳೇಮೇಷ್ಟ್ರು

ಚರ್ಚೆ ಚೆನ್ನಾಗಿ ನಡೆಯುತ್ತಿದೆ. ಸಂಜೆಓದು ಅವರೇ, ನಿಮಗೊಂದು ದಾರಿ ಹೇಳುತ್ತೇನೆ. ಸಾವು, ಜಗಳ ಎರಡನ್ನೂ ಸ್ವಲ್ಪ ಹೊತ್ತು ಆಚೆ ಇಡಿ. ಕವಿತೆ ಬಾಯಿಬಿಟ್ಟು ಹೇಳಿರುವುದೆಷ್ಟು ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಇಬ್ಬರಿದ್ದರು. ಸುಮ್ಮನಿದ್ದರು, ಇದು ಭೂತಕಾಲ. ಒಬ್ಬರ ಮೌನ ಮುಗಿಯಿತು, ಇದೂ ಭೂತಕಾಲ. ಇನ್ನೊಬ್ಬರದು ಮುಗಿದಿಲ್ಲ, ಇಲ್ಲಿ ಕವಿತೆ ವರ್ತಮಾನಕ್ಕೆ ಬಂತು. ಮಾತು ನೇರವಾಗಿ "ನಿನಗೆ" ಆಡಿದ್ದು. ಮತ್ತೆ, ಹೇಳುವುದಿರುವುದು ಮೌನಕ್ಕೆ, ಮನುಷ್ಯನಿಗಲ್ಲ. "ನನಗೆ ಇನ್ನೂ ಹೇಳುವುದಿದೆ" ಅಂತ ಅವಸರದಲ್ಲಿ ಓದಿಕೊಂಡರೆ ಕವಿತೆ ಕೈತಪ್ಪಿ ಹೋಗುತ್ತದೆ. ಯಾರು, ಯಾಕೆ, ಎಷ್ಟು ಕಾಲ, ಮುಗಿದದ್ದು ಹೇಗೆ, ಇದು ಯಾವುದನ್ನೂ ಕವಿತೆ ಹೇಳಿಲ್ಲ.

ಕಾಶ್ಮೀರದ ಆನಂದವರ್ಧನ 9ನೇ ಶತಮಾನದಲ್ಲಿ ಧ್ವನ್ಯಾಲೋಕ ಎಂಬ ಕಾವ್ಯಶಾಸ್ತ್ರದ ಗ್ರಂಥದಲ್ಲಿ ಒಂದು ಮಾತು ಹೇಳುತ್ತಾನೆ. ಬೆಳಕು ಬೇಕಾದವನು ದೀಪದ ಕುಡಿಯನ್ನು ಜತನ ಮಾಡುತ್ತಾನೆ, ಧ್ವನಿ, ಅಂದರೆ ಬಾಯಿಬಿಟ್ಟು ಹೇಳದೆ ಹೊಳೆಯುವ ಅರ್ಥ, ಬೇಕಾದವನು ಹಾಗೆಯೇ ವಾಚ್ಯಾರ್ಥವನ್ನು, ಅಂದರೆ ಮಾತು ನೇರವಾಗಿ ಹೇಳುವುದನ್ನು, ಜತನ ಮಾಡಬೇಕು ಅಂತ. ಧ್ವನಿ ಎಂದರೆ ಓದುಗ ತನಗೆ ತೋಚಿದ್ದನ್ನು ತುಂಬುವುದು ಅಂತ ಬಹಳ ಜನ ತಿಳಿದಿದ್ದಾರೆ. ವಾಚ್ಯಾರ್ಥವನ್ನು ಬಿಟ್ಟು ಹಾರಿದರೆ ಸಿಗುವುದು ನಮ್ಮದೇ ಕವಿತೆ, ಅವರು ಬರೆದದ್ದಲ್ಲ.

ತರಗತಿಯಲ್ಲಿ ಮಕ್ಕಳು ಕೇಳುತ್ತಿದ್ದರು, "ಸಾರ್, ಕವಿತೆಗೆ ಯಾವ ಅರ್ಥ ಬೇಕಾದರೂ ಕೊಡಬಹುದಲ್ವಾ?" ಕೊಡು, ಕೊಟ್ಟ ಮೇಲೆ ಅದಕ್ಕೆ ಅಡ್ಡ ನಿಲ್ಲುವ ಸಾಲು ಇದೆಯಾ ಹುಡುಕು ಅನ್ನುತ್ತಿದ್ದೆ. ಈಗ ದಾರಿಹೋಕರು ಮಾಡಿದ್ದು ಅದನ್ನೇ, ಬಿಡಿಸಾಲು ಕೊಟ್ಟ ಉತ್ತರವೂ ಸಾಲಿನ ಒಳಗಿಂದಲೇ ಬಂತು. ಇಬ್ಬರ ಮೇಲೂ ನನಗೆ ಅಭಿಮಾನ.

ಅಕ್ಷರಪ್ರೀತಿ

ಮೇಷ್ಟ್ರೇ, ಧ್ವನಿಯ ಮಾತು ನಮ್ಮಲ್ಲೂ ಹಳೆಯದು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ ಕವಿರಾಜಮಾರ್ಗದಲ್ಲೇ, ಅಂದರೆ ಸುಮಾರು 850ರ ಹೊತ್ತಿಗೇ, ಧ್ವನಿಯ ಪ್ರಸ್ತಾಪ ಇದೆ. ಅಲ್ಲಿ ಅದು ಅಲಂಕಾರಗಳಲ್ಲಿ ಒಂದು.

ಹಳೇಮೇಷ್ಟ್ರು

ನಿಜ, ನೆನಪಿಸಿದ್ದು ಒಳ್ಳೆಯದಾಯಿತು. ಧ್ವನಿ ಒಂದು ಅಲಂಕಾರ ಅನ್ನುವುದಕ್ಕೂ ಆನಂದವರ್ಧನನ ಹಾಗೆ ಅದೇ ಕಾವ್ಯದ ಆತ್ಮ ಅನ್ನುವುದಕ್ಕೂ ಬಹಳ ದೂರ ಇದೆ, ಆದರೆ ಅದು ಬೇರೆಯೇ ದಿನದ ಮಾತು.

ಹೊಸಚಿಗುರು

ನಾನು ಪಿಯುಸಿ ಓದ್ತಿದೀನಿ. ಇದು ಪರೀಕ್ಷೆಯಲ್ಲಿ ಬಂದು "ಸಾರಾಂಶ ಬರೆಯಿರಿ" ಅಂದರೆ ಏನು ಬರೆಯೋದು ಸರ್? ನಾಲ್ಕು ಸಾಲಿನ ಸಾರಾಂಶ ಹತ್ತು ಸಾಲು ಆಗುತ್ತಲ್ಲ!

ಹಳೇಮೇಷ್ಟ್ರು

ಮಗೂ, ಸಾರಾಂಶ ಕೇಳುವುದೇ ಇಂಥ ಕವಿತೆಗೆ ಸರಿಯಾದ ಪ್ರಶ್ನೆಯಲ್ಲ. ಕೇಳಿದರೆ "ಒಟ್ಟಿಗೆ ಸುಮ್ಮನಿದ್ದ ಇಬ್ಬರಲ್ಲಿ ಒಬ್ಬರ ಮೌನ ಮುಗಿದಿದೆ, ಇನ್ನೊಬ್ಬರದು ಮುಗಿದಿಲ್ಲ" ಅಂತ ಒಂದೇ ವಾಕ್ಯ ಬರೆ. ಆಮೇಲೆ ಕವಿತೆ ಏನನ್ನು ಹೇಳದೆ ಬಿಟ್ಟಿದೆ ಅನ್ನುವುದನ್ನು ಬರೆ. ನಾನು ಉತ್ತರಪತ್ರಿಕೆ ನೋಡುತ್ತಿದ್ದರೆ ಎರಡನೆಯದಕ್ಕೇ ಹೆಚ್ಚು ಅಂಕ ಕೊಡುತ್ತಿದ್ದೆ.

ಉತ್ತರದಾಕಿ

ಎಲ್ಲಾರೂ ಮೌನ ಅಂದ್ರ ಭಾಳ ದೊಡ್ಡದು, ಭಾಳ ಆಳದ್ದು ಅಂತ ಹೇಳಾಕತ್ತೀರಿ. ನಾ ಬ್ಯಾರೆ ಹೇಳ್ತೀನ್ರಿ. ನಾ ಸಣ್ಣಾಕಿ ಇದ್ದಾಗ ನಮ್ಮ ಮನ್ಯಾಗ ಸಿಟ್ಟು ಬಂದ್ರ ಯಾರೂ ಒದರತಿರಲಿಲ್ಲ. ಮಾತು ಬಿಡತಿದ್ರು. ವಾರಗಟ್ಟಲೆ. ನಮ್ಮ ತಪ್ಪು ಏನಂತ ನಮಗ ಗೊತ್ತಿಲ್ಲ, ಕೇಳಿದ್ರ ಹೇಳೂದಿಲ್ಲ. ಹುಡುಗರು ನಾವು ಮನಿ ತುಂಬ ತುದಿಗಾಲ ಮ್ಯಾಲ ಅಡ್ಡಾಡತಿದ್ವಿ. ಬೈದಿದ್ರ ಎಷ್ಟೋ ಚೊಲೋ ಇತ್ತು ಅಂತ ಆವಾಗನ ಅನಸತಿತ್ತು.

ಈ ಕವಿತಾದಾಗ "ಮೊದಲು" ಅಂತ ಐತಲ್ರಿ, ಅದನ್ನ ಯಾರೂ ಮುಟ್ಟಿಲ್ಲ. ಅದು ನನಗ ಕುಸ್ತಿ ಕಂಡಂಗ ಕಾಣತೈತಿ. ಯಾರು ಮೊದಲು ನೆಲಕ್ಕ ಬೀಳತಾರ ಅಂತ ಇಬ್ಬರೂ ಕಾಯಾಕತ್ತಾರ. ಒಬ್ಬರು ಬಿದ್ರು. ಗೆದ್ದಾವರು ಏನಂತಾರ? "ನಂದು ಇನ್ನೂ ಮುಗಿದಿಲ್ಲ, ತಡಿ" ಅಂತಾರ. ಅದು ಧಮಕಿ ರೀ. ಇಂಥಾ ಮೌನಕ್ಕ ಕವಿತಾ ಬರದು ಹಾರ ಹಾಕಬಾರದು ಅಂತ ನನ್ನ ಮಾತು.

ಸಂಜೆಓದು

ಅಕ್ಕಾ, ಈ ಓದು ನನಗೆ ಖಂಡಿತ ಹೊಳೆಯುತ್ತಿರಲಿಲ್ಲ. ನಾನು ಮಾತನಾಡುತ್ತಿರುವವರನ್ನು ಪಾಪದವರು ಅಂತಲೇ ನೋಡುತ್ತಿದ್ದೆ. ಈಗ ಅದೇ ಸಾಲು ಹೆದರಿಕೆ ಹುಟ್ಟಿಸುತ್ತಿದೆ.

ಮಲ್ಲಿಗೆಬಳ್ಳಿ

ಒಪ್ಪಲಾರೆ ಅಕ್ಕ. ಧಮಕಿ ಹಾಕುವವರು ಇಷ್ಟು ಮೆತ್ತಗೆ ಮಾತಾಡ್ತಾರಾ?

ಉತ್ತರದಾಕಿ

ಮೆತ್ತಗನ ಮಾತಾಡತಾರವಾ. ಅದಕ್ಕ ಹೊರಗಿನವರಿಗೆ ಗೊತ್ತಾಗೂದಿಲ್ಲ.

ದಾರಿಹೋಕ

ಉತ್ತರದಾಕಿಯವರ ಓದಿಗೂ ನನ್ನ ಜಗಳದ ಓದಿಗೂ ಒಂದು ವಿಷಯ ಸೇರಿಸ್ತೀನಿ. ಒಬ್ಬರು ಬಾಯಿ ಬಿಟ್ಟರು ಅಂತಲೇ ಇಟ್ಟುಕೊಳ್ಳಿ. ಏನಂದರು? "ಕ್ಷಮಿಸು" ಅಂದರಾ, "ಹೊರಡ್ತೀನಿ" ಅಂದರಾ? ಆ ಮಾತು ಕವಿತೆಯಲ್ಲಿ ಇಲ್ಲವೇ ಇಲ್ಲ! ಎದುರಿನವರು ಕೊನೆಗೂ ಆಡಿದ ಮಾತನ್ನು ಈ ಮನುಷ್ಯ ನಮಗೆ ಕೇಳಿಸಲೇ ಇಲ್ಲ, ಬರೀ "ಮುಗಿಯಿತು" ಅಂದುಬಿಟ್ಟರು. ಕಪ್ಪುಶಾಯಿ ಕೇಳಿದರಲ್ಲ, ನಮಗಾಗಿ ಏನು ಉಳಿಸಿದ್ದಾರೆ ಅಂತ. ಇದನ್ನು ಉಳಿಸಿದ್ದಾರೆ.

ಕಪ್ಪುಶಾಯಿ

ಇದು ಒಳ್ಳೆಯ ಗಮನಿಕೆ. ಒಪ್ಪಿದೆ. ಆದರೂ ಕೊನೆಯ ಸಾಲಿನ ಬಗ್ಗೆ ನನ್ನ ತಕರಾರು ಹಾಗೇ ಇದೆ. ಅದಕ್ಕೆ ಆಮೇಲೆ ಬರ್ತೀನಿ.

ತಂಬೂರಿ

ಸಂಗೀತದವಳಾಗಿ ಒಂದು ಮಾತು. ಎಲ್ಲರೂ ಕಣ್ಣಲ್ಲಿ ಓದುತ್ತಿದ್ದೀರಿ, ಗಟ್ಟಿಯಾಗಿ ಓದಿ ನೋಡಿ. ಮೂರನೇ ಸಾಲು "ಇನ್ನೂ" ಅಂತ ದೀರ್ಘದಲ್ಲಿ ನಿಲ್ಲುತ್ತೆ. ಅಲ್ಲಿಂದ "ಹೇಳುವುದಿದೆ"ಗೆ ಹೋಗುವ ಮುಂಚೆ ಎಷ್ಟು ಹೊತ್ತು ತಡೆಯಬೇಕು? ಅದನ್ನು ಓದುವವರೇ ತೀರ್ಮಾನ ಮಾಡಬೇಕು. ತಡೆದಷ್ಟು ಹೊತ್ತು ಕೇಳುವವರು ಕಾಯುತ್ತಾರೆ. ಕವಿತೆ ಮೌನದ ಬಗ್ಗೆ ಹೇಳುವುದನ್ನು ಬಿಟ್ಟು ಅಲ್ಲಿ ಮೌನವನ್ನೇ ಕೊಡುತ್ತೆ. ತಾಳದಲ್ಲೂ ಹಾಗೇ, ಪೆಟ್ಟು ಬೀಳದ ಜಾಗವನ್ನೂ ಎಣಿಸಿಯೇ ಮುಂದೆ ಹೋಗೋದು. ಎಣಿಸದೆ ಬಿಟ್ಟರೆ ಸಮ ತಪ್ಪುತ್ತೆ.

ಜಾನ್ ಕೇಜ್ ಅನ್ನುವ ಅಮೆರಿಕದ ಸಂಗೀತಗಾರ 1952ರಲ್ಲಿ ಒಂದು ಕೃತಿ ಮಾಡಿದರು, 4 ನಿಮಿಷ 33 ಸೆಕೆಂಡಿನದ್ದು. ಡೇವಿಡ್ ಟ್ಯೂಡರ್ ಪಿಯಾನೋ ಮುಂದೆ ಕೂತು, ಮೂರು ಭಾಗಗಳಲ್ಲೂ ಒಂದೇ ಒಂದು ಸ್ವರ ನುಡಿಸಲಿಲ್ಲ. ಹೊರಗೆ ಗಾಳಿಯ ಸದ್ದು, ಆಮೇಲೆ ಛಾವಣಿ ಮೇಲೆ ಮಳೆಹನಿ, ಕೊನೆಗೆ ಜನರೇ ಗುಸುಗುಸು ಅನ್ನೋದು ಕೇಳಿಸಿತು ಅಂತ ಕೇಜ್ ಹೇಳಿಕೊಂಡಿದ್ದಾರೆ. ಅದಕ್ಕೂ ಮೊದಲು ಹಾರ್ವರ್ಡ್‌ನಲ್ಲಿ ಒಂದಿಷ್ಟೂ ಸದ್ದು ಮರುದನಿಸದ ಕೋಣೆಯೊಳಗೆ ಹೋಗಿದ್ದಾಗ ಅವರಿಗೆ ಎರಡು ಸದ್ದು ಕೇಳಿಸಿತಂತೆ, ಒಂದು ತೆಳು, ಒಂದು ಮಂದ್ರ. ಎರಡೂ ಅವರ ಮೈಯದ್ದೇ. ಪೂರ್ತಿ ನಿಶ್ಶಬ್ದ ಅನ್ನೋದು ಬದುಕಿರುವವರಿಗೆ ಸಿಗುವುದೇ ಇಲ್ಲ ಅನ್ನೋದು ಅವರು ಕಂಡುಕೊಂಡಿದ್ದು.

ದಾರಿಹೋಕ

ಏನೂ ನುಡಿಸದೆ ಇರೋದಕ್ಕೆ ಸಂಗೀತ ಅಂತ ಹೇಗೆ ಅನ್ನೋದು? ನಾನಾಗಿದ್ದರೆ ಎದ್ದು ಬರ್ತಿದ್ದೆ.

ತಂಬೂರಿ

ಅವತ್ತೂ ಕೆಲವರು ಎದ್ದು ಹೋದರು. ಕೂತವರಿಗೆ ಮಳೆ ಕೇಳಿಸಿತು. ನಾನು ಇದನ್ನು ಹೇಳಿದ್ದು ಅಳತೆಯ ವಿಷಯಕ್ಕೆ. ಕೇಜ್ ಅವರ ಮೌನಕ್ಕೆ ಶುರು, ಕೊನೆ ಎರಡೂ ಇದೆ, ಗಡಿಯಾರ ನೋಡಿಕೊಂಡೇ ನುಡಿಸೋದು. ನಮ್ಮ ಕವಿತೆಯಲ್ಲೂ "ನಿನ್ನ" ಮೌನಕ್ಕೆ ಕೊನೆ ಇದೆ. "ನನ್ನ" ಮೌನಕ್ಕೆ ಇಲ್ಲ. ಒಂದಕ್ಕೆ ಗಡಿ ಇದ್ದು ಇನ್ನೊಂದಕ್ಕೆ ಇಲ್ಲದಿರೋದರಿಂದಲೇ ಕವಿತೆ ಒಂದು ಕಡೆ ವಾಲಿದಂತೆ ಅನ್ನಿಸೋದು.

ನೀಲಿಗೆರೆ

ಯಾರೂ ಇದನ್ನು ಗುರುಶಿಷ್ಯರ ಕವಿತೆಯಾಗಿ ಯಾಕೆ ನೋಡುತ್ತಿಲ್ಲ? ಶಂಕರಾಚಾರ್ಯರ ಬ್ರಹ್ಮಸೂತ್ರ ಭಾಷ್ಯದಲ್ಲಿ ಒಂದು ಕತೆ ಬರುತ್ತದೆ. ಬಾಷ್ಕಲಿ ಎಂಬುವನು ಬಾಧ್ವ ಎಂಬ ಗುರುವಿನ ಬಳಿ ಹೋಗಿ ಬ್ರಹ್ಮವನ್ನು ಕಲಿಸು ಅನ್ನುತ್ತಾನೆ. ಗುರು ಸುಮ್ಮನಿರುತ್ತಾನೆ. ಶಿಷ್ಯ ಮತ್ತೆ ಕೇಳುತ್ತಾನೆ, ಮತ್ತೆ ಮೌನ. ಕೊನೆಗೆ ಗುರು, "ನಾನು ಹೇಳುತ್ತಲೇ ಇದ್ದೇನೆ, ನಿನಗೆ ತಿಳಿಯುತ್ತಿಲ್ಲ, ಈ ಆತ್ಮ ಶಾಂತವಾದದ್ದು" ಅನ್ನುತ್ತಾನೆ. ಮೌನವೇ ಉಪದೇಶ. "ನನ್ನದಕ್ಕೆ ಇನ್ನೂ ಹೇಳುವುದಿದೆ" ಎಂಬುದು ಅಂಥ ಗುರುವಿನ ಮಾತು ಅಂತ ನನಗೆ ಅನ್ನಿಸುತ್ತದೆ. ಶಿಷ್ಯ ತಾಳ್ಮೆ ಕಳೆದುಕೊಂಡು ಮೊದಲು ಮಾತಾಡಿಬಿಟ್ಟ.

ಬಿಡಿಸಾಲು

ಕತೆ ತುಂಬ ಚೆನ್ನಾಗಿದೆ, ಕವಿತೆಯ ಕೊನೆಯ ಸಾಲಿಗೆ ಕೂರುತ್ತೆ ಕೂಡ. ಆದರೆ ಮೇಷ್ಟ್ರು ಹೇಳಿದ ಪರೀಕ್ಷೆ ಮಾಡಿ. ಮೊದಲ ಸಾಲು "ಇಬ್ಬರೂ" ಅಂತ ಸಮನಾಗಿ ಕೂರಿಸಿದೆ. ಗುರುವಿನ ಎದುರು ಶಿಷ್ಯ ಕೇಳೋಕೆ ಬಂದವನು, ಅವನು ಶುರುವಿನಿಂದಲೇ ಮಾತಾಡುತ್ತಿದ್ದಾನೆ, ಸುಮ್ಮನಿರಲೇ ಇಲ್ಲ. ಇಬ್ಬರೂ ಸುಮ್ಮನಿದ್ದ ಗಳಿಗೆ ಆ ಕತೆಯಲ್ಲಿ ಎಲ್ಲಿದೆ?

ನೀಲಿಗೆರೆ

ಪ್ರಶ್ನೆ ಕೇಳಿ ಕಾಯುತ್ತಿದ್ದ ಹೊತ್ತಿನಲ್ಲಿ ಇಬ್ಬರೂ ಸುಮ್ಮನೆ ಇದ್ದರಲ್ಲ.

ಹಳೇಮೇಷ್ಟ್ರು

ಉತ್ತರ ಜಾಣತನದ್ದು, ತಳ್ಳಿಹಾಕಲಾರೆ. ನನಗೆ ಆ ಕತೆಯಲ್ಲಿ ಯಾವಾಗಲೂ ಕಾಡುವುದು ಬೇರೆ. ಮೌನದಲ್ಲೇ ಹೇಳಿದೆ ಅನ್ನುವುದನ್ನು ತಿಳಿಸಲು ಗುರು ಕೊನೆಗೆ ಬಾಯಿ ಬಿಡಲೇಬೇಕಾಯಿತು. ಅಲ್ಲಮ 12ನೇ ಶತಮಾನದಲ್ಲಿ ಮಾತಿಗೆ ನಿಲುಕದ ಬಯಲಿನ, ಅಂದರೆ ಶೂನ್ಯದ, ಬಗ್ಗೆ ಹೇಳಲು ಸಾವಿರಕ್ಕೂ ಹೆಚ್ಚು ವಚನಗಳನ್ನು ಆಡಬೇಕಾಯಿತು. ಈ ಕವಿಯೂ ಅಷ್ಟೇ, ಮೌನ ಮುಗಿದಿಲ್ಲ ಅನ್ನಲು ನಾಲ್ಕು ಸಾಲು ಬರೆಯಬೇಕಾಯಿತು. ಹಾಗಿದ್ದರೆ ಬರೆದ ಮೇಲೆ ಆ ಮೌನ ಮುಗಿಯಿತೋ, ಇಲ್ಲವೋ?

ಪ್ರಶ್ನಾರ್ಥಕ

ಮುಗಿದಿಲ್ಲ. ಕವಿತೆಯನ್ನು ಆ "ನೀನು" ಓದಿದರೆ ತಾನೇ ಮುಗಿಯೋದು.

ಮಲ್ಲಿಗೆಬಳ್ಳಿ

ಓದೋಕೆ ಅವರು ಇಲ್ಲದಿದ್ದರೆ?

ಕಡಲದಂಡೆ

ಎಂತ ಮಾರಾಯ್ರೆ, ಇಷ್ಟು ಮಾತಾಡಿದ್ದೀರಿ, ಎಲ್ಲರೂ ಮೌನ ಅಂದರೆ ಬಾಯಿದೇ ಕೆಲಸ ಅಂತ ಹೇಳ್ತಾ ಇದ್ದೀರಲ್ಲ. ನನ್ನ ತಂಗಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ನಾವು ಮಾತಾಡುವುದು ಕೈಸನ್ನೆಯಲ್ಲಿ. ಒಂದು ಚೂರೂ ಸದ್ದಿಲ್ಲದೆ ದೊಡ್ಡ ದೊಡ್ಡ ಜಗಳ ಆಡಿದ್ದುಂಟು ನಾವು. ಅವಳಿಗೆ ಸಿಟ್ಟು ತಲೆಗೇರಿದರೆ ಕಣ್ಣು ಮುಚ್ಚಿಕೊಳ್ತಾಳೆ. ಮತ್ತೆ ನಾನು ಎಂತ ಹೇಳಿದರೂ ಅವಳಿಗೆ ಮುಟ್ಟುವುದಿಲ್ಲ. ನಮ್ಮಲ್ಲಿ ಮೌನ ಅಂದರೆ ಅದು.

ಈ ಕವಿತೆ ಅವಳಿಗೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ ಅವಳು ಹೇಳಿದ್ದು ಕೇಳಿ. ಇಬ್ಬರೂ ಕಣ್ಣು ಮುಚ್ಚಿಕೊಂಡಿದ್ದಾರೆ. ಒಬ್ಬರು ಮೊದಲು ತೆರೆದರು. ಇನ್ನೊಬ್ಬರು ತಮ್ಮದು ಇನ್ನೂ ಮುಚ್ಚಿದೆ ಅಂತ ಹೇಳ್ತಾರೆ. ಪೂರ್ತಿ ಮುಚ್ಚಿದ್ದರೆ ಎದುರಿನವರು ತೆರೆದದ್ದು ಇವರಿಗೆ ಗೊತ್ತಾದದ್ದು ಹೇಗೆ? ಅಂದರೆ ಇವರು ನಡುನಡುವೆ ಕದ್ದು ನೋಡ್ತಾ ಇದ್ದರು.

ಬಿಡಿಸಾಲು

ಅಬ್ಬಾ! ನಿಮ್ಮ ತಂಗಿಗೆ ನನ್ನ ನಮಸ್ಕಾರ ಹೇಳಿ. ಎರಡನೇ ಸಾಲು ಬರೆಯಬೇಕಾದರೆ "ನಾನು" ಎದುರಿನವರ ಮೇಲೆ ಪೂರ್ತಿ ಗಮನ ಇಟ್ಟಿರಲೇಬೇಕು. ಎದುರಿನವರ ಮೌನ ಯಾವ ಗಳಿಗೆಯಲ್ಲಿ ಮುಗಿಯಿತು ಅಂತ ಅವರಿಗೆ ಗೊತ್ತು. ಇಷ್ಟು ಹೊತ್ತೂ ಕವಿತೆಯಲ್ಲಿ ಕಾಯುವಿಕೆ ಇದೆ ಅಂತ ನಮಗ್ಯಾರಿಗೂ ಕಾಣಲಿಲ್ಲ, ಆದರೆ ಎರಡನೇ ಸಾಲು ನಿಂತಿರೋದೇ ಅದರ ಮೇಲೆ. ಉತ್ತರದಾಕಿ ಅಕ್ಕಾ, ಇಷ್ಟು ಗಮನ ಇಟ್ಟು ಕಾದವರು ಧಮಕಿ ಹಾಕ್ತಾರಾ?

ಉತ್ತರದಾಕಿ

ಹಾಕತಾರ್ರಿ. ಮಾತು ಬಿಟ್ಟಾವರು ನಮ್ಮನ್ನ ನೋಡೂದು ಬಿಡೂದಿಲ್ಲ. ನಾವು ಅತ್ತೇವೇನು, ಉಂಡೇವೇನು, ಎಲ್ಲಾ ನೋಡಕೋತನ ಇರತಾರ. ಆ ಹುಡಿಗಿ ಹೇಳಿದ್ದು ಖರೇ ಐತಿ, ಭಾಳ ಶಾಣ್ಯಾಕಿ ಇದ್ದಾಳ. ಆದ್ರ ಅದು ನನ್ನ ಓದನ್ನ ಕೆಡಸೂದಿಲ್ಲ, ಗಟ್ಟಿ ಮಾಡತೈತಿ.

ಕಡಲದಂಡೆ

ಅಕ್ಕ, ನೀವು ಹೇಳಿದ್ದನ್ನೂ ಅವಳಿಗೆ ಹೇಳಿದೆ. ಕದ್ದು ನೋಡುವಾಗ ಯಾವ ಆಸೆಯಿಂದ ನೋಡ್ತಾರೆ ಅಂತ ಕವಿತೆ ಹೇಳಿಲ್ಲ ಅಂತಾಳೆ. ಪ್ರೀತಿಯಿಂದಲೂ ಆಗಬಹುದು, ಗೆಲ್ಲಬೇಕು ಅಂತಲೂ ಆಗಬಹುದು.

ಹಳೇಮೇಷ್ಟ್ರು

ಇಷ್ಟು ಹೊತ್ತಿನ ಚರ್ಚೆಯಲ್ಲಿ ಎಲ್ಲ ಓದಿಗೂ ಬೇಕಾಗುವ ಒಂದು ಸಂಗತಿಯನ್ನು ಕಂಡುಹಿಡಿದದ್ದು ಆ ಹುಡುಗಿ. ಜಗಳವಾಗಲಿ, ಸಾವಾಗಲಿ, ಧಮಕಿಯಾಗಲಿ, "ನಾನು" ಗಮನಿಸುತ್ತಿದ್ದೆ ಅನ್ನುವುದು ಬದಲಾಗುವುದಿಲ್ಲ. ಕವಿತೆ ಅದನ್ನು ಹೇಳಿಲ್ಲ, ಆದರೆ ಹೇಳಿದ ಮಾತಿನಿಂದಲೇ ಅದು ಹೊರಡುತ್ತದೆ. ಧ್ವನಿ ಅಂದರೆ ಇದು. ಹೊಸಚಿಗುರು, ಇದನ್ನು ಬರೆದುಕೊಳ್ಳಪ್ಪ.

ಹೊಸಚಿಗುರು

ಬರ್ಕೊಂಡೆ ಸರ್.

ಕಪ್ಪುಶಾಯಿ

ಈಗ ಕೊನೆಯ ಸಾಲಿಗೆ ಬರ್ತೀನಿ ಅಂದಿದ್ದೆ. ಎಲ್ಲರೂ ಒಂದು ಪ್ರಯೋಗ ಮಾಡಿ. ಮೂರು, ನಾಲ್ಕನೇ ಸಾಲನ್ನು ಕೈಯಿಂದ ಮುಚ್ಚಿ ಓದಿ.

ಇಬ್ಬರೂ ಸುಮ್ಮನಿದ್ದೆವು.
ನಿನ್ನ ಮೌನ ಮೊದಲು ಮುಗಿಯಿತು.

ಇಷ್ಟೇ ಸಾಕಿತ್ತು. ಪಾಲಾದದ್ದು, ಕಾದದ್ದು, ಮುಚ್ಚಿಟ್ಟ ಮಾತು, ನೀವೆಲ್ಲ ಕಂಡುಕೊಂಡದ್ದರಲ್ಲಿ ಮುಕ್ಕಾಲು ಪಾಲು ಈ ಎರಡು ಸಾಲಿನಲ್ಲೇ ಇದೆ. "ಮೊದಲು" ಅಂದಾಗಲೇ ಇನ್ನೊಂದು ಬಾಕಿ ಇದೆ ಅಂತ ಗೊತ್ತಾಯಿತು. ಮತ್ತೆ ಅದನ್ನೇ ಬಿಡಿಸಿ "ನನ್ನದ‌ಕ್ಕೆ ಇನ್ನೂ ಹೇಳುವುದಿದೆ" ಅಂದಿದ್ದು ಓದುಗರ ಮೇಲೆ ನಂಬಿಕೆ ಸಾಲದೆ. ಇದು ನನ್ನ ಗಟ್ಟಿ ಅಭಿಪ್ರಾಯ.

ದಾರಿಹೋಕ

ಎರಡು ಸಾಲಿಗೆ ನಿಲ್ಲಿಸಿದರೆ ಅದು ಸುದ್ದಿಯ ಹಾಗೆ ಕೇಳುತ್ತೆ.

ತಂಬೂರಿ

ಎರಡು ಸಾಲಿಗೆ ನಿಲ್ಲಿಸಿದರೆ "ಇನ್ನೂ" ಆದ ಮೇಲಿನ ಆ ತಡೆ ಹೋಗುತ್ತೆ. ಕವಿತೆಯಲ್ಲಿ ಕಿವಿಗೆ ಸಿಗುವ ಮೌನ ಅದೊಂದೇ. ಅದನ್ನು ನಾನು ಬಿಟ್ಟುಕೊಡಲಾರೆ.

ಬಿಡಿಸಾಲು

ಕಪ್ಪುಶಾಯಿ, ಎರಡು ಸಾಲಿನಲ್ಲಿ ಎಲ್ಲವೂ ಹಿಂದೆ ನಡೆದು ಮುಗಿದದ್ದು. ಮೂರನೇ ಸಾಲಿನಲ್ಲಿ ಅದು ಈಗಕ್ಕೆ ಬರುತ್ತೆ. ನೀವು ಕತ್ತರಿಸಿದರೆ "ನನ್ನ" ಮೌನ ಆಮೇಲೆ ಮುಗಿದೂ ಹೋಗಿರಬಹುದು, "ಮೊದಲು" ಅನ್ನೋದು ಅದಕ್ಕೆ ಅಡ್ಡ ಬರಲ್ಲ. ಮುಗಿದಿಲ್ಲ ಅನ್ನೋದಕ್ಕೆ ಕೊನೆಯ ಸಾಲು ಬೇಕೇ ಬೇಕು.

ಕಪ್ಪುಶಾಯಿ

ಅದು ಸರಿಯಾದ ಉತ್ತರ. "ಇನ್ನೂ ಇದೆ" ಅಂತಷ್ಟೇ ಇದ್ದಿದ್ದರೂ ವರ್ತಮಾನ ಬರುತ್ತಿತ್ತು, ಮೌನಕ್ಕೆ ಹೇಳುವ ಆಸೆ ಹಚ್ಚಬೇಕಿರಲಿಲ್ಲ. ನಾನು ಆ ಒಂದು ಕ್ರಿಯಾಪದದ ಮೇಲೆ ಮಾತ್ರ ಹಟ ಹಿಡೀತೀನಿ.

ಮಲ್ಲಿಗೆಬಳ್ಳಿ

ನನಗೆ ಆ ಕ್ರಿಯಾಪದವೇ ಬೇಕು. ಅಪ್ಪ ಹೋದ ಮೇಲೆ ಅವರ ಕುರ್ಚಿಯ ಎದುರು ಕೂತಾಗ ನನ್ನ ಹತ್ತಿರ ಹೇಳೋ ಮಾತು ಯಾವುದೂ ಇರಲಿಲ್ಲ. ಸುಮ್ಮನೆ ಕೂತಿರೋದೇ ಏನೋ ಹೇಳ್ತಾ ಇದೆ ಅನ್ನಿಸ್ತಿತ್ತು. ಬರೀ "ಇದೆ" ಅಂದಿದ್ದರೆ ನನಗೆ ಇದು ಬೇರೆಯವರ ಕವಿತೆಯಾಗಿಯೇ ಉಳೀತಿತ್ತು.

ಕಪ್ಪುಶಾಯಿ

ನಿಮ್ಮ ಮಾತನ್ನು ಗೌರವಿಸ್ತೀನಿ. ಇದಕ್ಕೆ ವಾದ ಹೂಡೋದಿಲ್ಲ.

ಸಂಜೆಓದು

ಇಷ್ಟು ಜನ ಇಷ್ಟು ಆಸ್ಥೆಯಿಂದ ಓದಿದ್ದು ನೋಡಿ ನಿಜಕ್ಕೂ ಸಂತೋಷವಾಯಿತು. ನಾನು ಯೋಚಿಸಿರೋದು ಹೀಗೆ. ಮೊದಲು ತಂಬೂರಿಯವರು ಹೇಳಿದ ಹಾಗೆ ಇಬ್ಬರು ಬೇರೆ ಬೇರೆಯವರಿಂದ ಗಟ್ಟಿಯಾಗಿ ಓದಿಸ್ತೀನಿ. ಆಮೇಲೆ ಕವಿತೆ ಏನೇನು ಹೇಳಿಲ್ಲ ಅಂತ ಎಲ್ಲರೂ ಸೇರಿ ಪಟ್ಟಿ ಮಾಡೋದು. ಆಮೇಲೆ ಸಾವಿನ ಓದಿನಿಂದ ಚರ್ಚೆ ಶುರು ಮಾಡೋಣ ಅಂತಿದ್ದೀನಿ, ನನಗೆ ಅದೇ ಹೆಚ್ಚು ಹತ್ತಿರ.

ಮಲ್ಲಿಗೆಬಳ್ಳಿ

ಸಾವಿನ ಓದನ್ನು ಮೊದಲೇ ಇಡಬೇಡಿ. ಅದನ್ನು ಕೇಳಿದ ಮೇಲೆ ಬೇರೆ ಯಾರೂ ಬಾಯಿ ಬಿಡಲ್ಲ, ಎಲ್ಲರೂ ತಲೆ ತಗ್ಗಿಸಿ ಕೂತುಬಿಡ್ತಾರೆ. ಇನ್ನೊಂದು ವಿಷಯ, ಬರೆದವರು ಅದೇ ಕೋಣೆಯಲ್ಲಿ ಕೂತಿರುತ್ತಾರೆ ಅಂದಿರಿ. ಆ "ನೀನು" ಯಾರು ಅಂತ ಕೇಳೋಕೆ ಹೋಗಬೇಡಿ.

ಹಳೇಮೇಷ್ಟ್ರು

ಸರಿಯಾದ ಮಾತು. ಹೆಸರು ಗೊತ್ತಾದ ಮೇಲೂ ಕೇಳಬೇಡಿ.

ಉತ್ತರದಾಕಿ

ಮತ್ತ ನನ್ನ ಓದು ಬಿಟ್ಟು ಬಿಡಬ್ಯಾಡ್ರಿ. ಮೌನ ಅಂದ್ರ ಎಲ್ಲಾ ಚಂದ ಅಂತ ಮಾತು ಮುಗಿಸಿದ್ರ, ನನ್ನಂಗ ಬೆಳದಾಕಿ ಒಬ್ಬಾಕಿ ಅಲ್ಲಿ ಇದ್ರ ಏನೂ ಹೇಳದ ಮನಿಗೆ ಹೋಗತಾಳ.

ಸಂಜೆಓದು

ಬಿಡಲ್ಲ ಅಕ್ಕಾ. ಹಾಗಾದರೆ ನಿಮ್ಮ "ಮೊದಲು" ಪ್ರಶ್ನೆಯಿಂದಲೇ ಶುರು ಮಾಡ್ತೀನಿ, ಅದರ ಬೆನ್ನಿಗೆ ಕಡಲದಂಡೆಯವರ ತಂಗಿ ಕೇಳಿದ್ದು. ಕಪ್ಪುಶಾಯಿಯವರ ಎರಡು ಸಾಲಿನ ಪ್ರಯೋಗವನ್ನೂ ಮಾಡಿಸ್ತೀನಿ. ಯಾರು ಏನಂದರು ಅಂತ ಬಂದು ಬರೀತೀನಿ.

ಕಡಲದಂಡೆ

ಬರೆಯಿರಿ ಮಾರಾಯ್ರೆ. ತಂಗಿ ಈಗಾಗಲೇ ಕೇಳ್ತಾ ಇದ್ದಾಳೆ, ಮುಂದಿನ ಕವಿತೆ ಯಾವಾಗ ಅಂತ.